ನಾಯಿಗೆ ಟಿಕ್ ಫೀವರ್ ಬಂದಾಗ ಒಳಗೆ ಏನಾಗುತ್ತದೆ?

ಸೋಮವಾರ ರಾತ್ರಿ ಬೆಲ್ಲ ಊಟ ಬಿಟ್ಟಳು. ಬೆಲ್ಲ ನಮ್ಮ ಮನೆಯ ನಾಯಿ. 5 ವರ್ಷ, 24 ಕೆಜಿ, ಅಮ್ಮ ಲ್ಯಾಬ್ರಡಾರ್, ಅಪ್ಪ ಬೀದಿಯವನು. ಅನ್ನ, ಕೋಳಿ ಬೇಯಿಸಿ ಹಾಕಿದರೆ ಖಾಲಿ ತಟ್ಟೆಯನ್ನೂ ನೆಕ್ಕುತ್ತಾ ಅಡುಗೆಮನೆಯಿಂದ ಹಾಲ್‌ವರೆಗೆ ತಳ್ಳಿಕೊಂಡು ಹೋಗುವವಳು, ಅವತ್ತು ಸುಮ್ನೆ ಮೂಸಿ ನೋಡಿ ಸೋಫಾದ ಹಿಂದೆ ಹೋಗಿ ಮಲಗಿದಳು. ಮೇ ತಿಂಗಳು, ಮೈಸೂರಿನಲ್ಲೂ ಸೆಕೆ. ಸೆಕೆಗೆ ಹೀಗಾಗಿದೆ ಎಂದುಕೊಂಡೆವು. ಮಂಗಳವಾರವೂ ತಿನ್ನಲಿಲ್ಲ. ಹತ್ತಿರದ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಜ್ವರ ಇದೆ ಎಂದು ಒಂದು ಇಂಜೆಕ್ಷನ್ ಕೊಟ್ಟು ಕಳಿಸಿದರು. ರಕ್ತ ಪರೀಕ್ಷೆ ಮಾಡಲಿಲ್ಲ. ನಾನೂ ಕೇಳಲಿಲ್ಲ, ಕೇಳಬೇಕು ಅನ್ನುವುದೇ ನನಗೆ ಗೊತ್ತಿರಲಿಲ್ಲ. ಬುಧವಾರ ಎದ್ದು ಓಡಾಡಿದಳು, ತಿಂದಳು, ಗೇಟಿನ ಹತ್ತಿರ ಹೋಗಿ ಬೊಗಳಿದಳು. ಸದ್ಯ ಸರಿಹೋಯಿತು ಎಂದು ನಾವೆಲ್ಲ ನಿರಾಳವಾದೆವು.

ಶುಕ್ರವಾರ ಬೆಳಿಗ್ಗೆ ಐದೂವರೆಗೆ ಅಮ್ಮ ಕೂಗಿದರು. ಹಾಲ್‌ನ ಬಿಳಿ ಟೈಲ್ಸ್ ಮೇಲೆ ರಕ್ತದ ಹನಿಗಳು, ಬಾಗಿಲಿನಿಂದ ನೀರಿನ ಬಟ್ಟಲಿನವರೆಗೆ ಸಾಲಾಗಿ ಬಿದ್ದಿದ್ದವು. ಬೆಲ್ಲಳ ಮೂಗಿನ ಎಡ ಹೊಳ್ಳೆಯಿಂದ ರಕ್ತ ತೊಟ್ಟಿಕ್ಕುತ್ತಿತ್ತು. ಅಷ್ಟಾದರೂ ನನ್ನನ್ನು ನೋಡಿ ಬಾಲ ಅಲ್ಲಾಡಿಸಿದಳು.

ಆ ದಿನದಿಂದ ಮುಂದಿನ ಒಂದು ತಿಂಗಳು ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಊರುಗಳಲ್ಲಿ ನಾಯಿ ಸಾಕುವವರಿಗೆ ಟಿಕ್ ಫೀವರ್, ಅಂದರೆ ಉಣ್ಣೆ ಕಚ್ಚಿ ಬರುವ ಜ್ವರ, ಎಂಬ ಹೆಸರು ಗೊತ್ತೇ ಇರುತ್ತದೆ. ಆದರೆ ಅದು ಒಳಗೆ ಏನು ಮಾಡುತ್ತದೆ ಅನ್ನುವುದು ಗೊತ್ತಿಲ್ಲದೆ ನಾವು ಮಾಡುವ ತಪ್ಪುಗಳು ಬಹಳ. ನಾನು ಮಾಡಿದೆ. ನೀವು ಮಾಡಬಾರದು ಅನ್ನುವುದಷ್ಟೇ ನನ್ನ ಆಸೆ.

ಮೊದಲು ಮೂಗಿನ ರಕ್ತದ ವಿಷಯ. ಆ ಹೊತ್ತಿಗೆ ಮನೆಯಲ್ಲಿ ಎಲ್ಲರೂ ಗಾಬರಿಯಾಗಿ ಒಂದೊಂದು ಹೇಳುತ್ತಾರೆ. ತಲೆ ಮೇಲಕ್ಕೆ ಎತ್ತಿ ಹಿಡಿ ಅಂತ ಒಬ್ಬರು, ಹತ್ತಿ ತುರುಕು ಅಂತ ಇನ್ನೊಬ್ಬರು. ಎರಡೂ ಬೇಡ. ತಲೆ ಎತ್ತಿದರೆ ರಕ್ತ ಗಂಟಲಿಗೆ ಹೋಗುತ್ತದೆ, ಹತ್ತಿ ತುರುಕಿದರೆ ನಾಯಿ ಸೀನಿ ಇನ್ನೂ ಜಾಸ್ತಿ ರಕ್ತ ಬರುತ್ತದೆ. ಅದನ್ನು ಶಾಂತವಾಗಿ ಮಲಗಿಸಿ, ಬಟ್ಟೆಯಲ್ಲಿ ಐಸ್ ಸುತ್ತಿ ಮೂಗಿನ ಮೇಲ್ಭಾಗಕ್ಕೆ, ಅಂದರೆ ಕಣ್ಣು ಮತ್ತು ಮೂಗಿನ ತುದಿಯ ನಡುವೆ, ಮೆಲ್ಲಗೆ ಒತ್ತಿ ಹಿಡಿಯಿರಿ. ಉಸಿರಾಟಕ್ಕೆ ಅಡ್ಡಿಯಾಗದಂತೆ ನೋಡಿಕೊಳ್ಳಿ. ನಾಯಿ ಗಾಬರಿಯಾದಷ್ಟೂ ರಕ್ತದ ಒತ್ತಡ ಏರುತ್ತದೆ, ರಕ್ತ ನಿಲ್ಲುವುದು ಕಷ್ಟವಾಗುತ್ತದೆ. ಆಮೇಲೆ ನೇರ ಡಾಕ್ಟರ ಹತ್ತಿರ.

ಯಾವುದೇ ಕಾರಣಕ್ಕೂ ಮನುಷ್ಯರ ಮಾತ್ರೆ ಕೊಡಬೇಡಿ. ಜ್ವರ ಇದೆಯಲ್ಲ, ಅರ್ಧ ಪ್ಯಾರಾಸಿಟಮಾಲ್ ಕೊಡೋಣ ಅನಿಸುತ್ತದೆ. ನಾಯಿಯ ದೇಹ ಅದನ್ನು ನಮ್ಮ ಹಾಗೆ ಅರಗಿಸಿಕೊಳ್ಳುವುದಿಲ್ಲ. ಲಿವರ್‌ಗೆ ಪೆಟ್ಟು ಬೀಳುತ್ತದೆ, ಕೆಂಪು ರಕ್ತಕಣಗಳೂ ಹಾಳಾಗುತ್ತವೆ. ಐಬುಪ್ರೊಫೇನ್, ಡೈಕ್ಲೋಫೆನಾಕ್ ಇನ್ನೂ ಅಪಾಯ. ಅವು ಹೊಟ್ಟೆಯಲ್ಲಿ ಹುಣ್ಣು ಮಾಡಿ ಅಲ್ಲಿಂದಲೂ ರಕ್ತ ಸೋರುವ ಹಾಗೆ ಮಾಡುತ್ತವೆ.

ನಾವು ಹೋದ ಎರಡನೇ ಆಸ್ಪತ್ರೆಯ ಡಾಕ್ಟರ್ ಬೆಲ್ಲಳನ್ನು ಮೇಜಿನ ಮೇಲೆ ಹತ್ತಿಸಿದ ಕೂಡಲೇ ಮೂಗು ನೋಡಲಿಲ್ಲ. ಮೇಲ್ದುಟಿ ಎತ್ತಿ ಒಸಡು ನೋಡಿದರು. ಬೆರಳಿಂದ ಒತ್ತಿ ಬಿಟ್ಟರು. ಒತ್ತಿದ ಜಾಗ ಬಿಳಿಯಾಗಿ, ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿ ಬಣ್ಣಕ್ಕೆ ಬರಬೇಕು. ನಿಧಾನವಾದರೆ ರಕ್ತದ ಓಡಾಟ ಸರಿಯಿಲ್ಲ ಎಂದರ್ಥ, ಒಸಡೇ ಬಿಳಚಿಕೊಂಡಿದ್ದರೆ ರಕ್ತ ಕಡಿಮೆಯಾಗಿದೆ ಎಂದರ್ಥ. ಇದನ್ನು ನೀವು ಮನೆಯಲ್ಲೇ ನೋಡಬಹುದು. ನಿಮ್ಮ ನಾಯಿ ಆರೋಗ್ಯವಾಗಿರುವಾಗಲೇ ಒಂದು ಸಲ ನೋಡಿಡಿ, ಅದರ ಸಹಜ ಬಣ್ಣ ಯಾವುದು ಅಂತ ತಿಳಿದಿರುತ್ತದೆ. ಕೆಲವು ನಾಯಿಗಳ ಒಸಡು ಹುಟ್ಟಿನಿಂದಲೇ ಕಪ್ಪಾಗಿರುತ್ತದೆ. ಅಂಥವಕ್ಕೆ ಕಣ್ಣಿನ ಕೆಳರೆಪ್ಪೆ ಎಳೆದು ಒಳಗಿನ ಬಣ್ಣ ನೋಡಬೇಕು.

ಆಮೇಲೆ ಅವಳನ್ನು ಮಗ್ಗುಲಾಗಿ ಮಲಗಿಸಿ ಹೊಟ್ಟೆಯ ಕೆಳಗೆ ಕೂದಲಿಲ್ಲದ ಜಾಗ ತೋರಿಸಿದರು. ಅಲ್ಲಿ ಸಾಸಿವೆಗಿಂತ ಚಿಕ್ಕ ಕೆಂಪು ಚುಕ್ಕೆಗಳಿದ್ದವು. ಗುರುವಾರವೇ ನಾನು ಅವನ್ನು ನೋಡಿದ್ದೆ. ಸೊಳ್ಳೆ ಕಚ್ಚಿದ್ದು ಎಂದುಕೊಂಡಿದ್ದೆ. ಸೊಳ್ಳೆ ಕಚ್ಚಿದ ಕೆಂಪನ್ನು ಬೆರಳಿಂದ ಒತ್ತಿದರೆ ಮಾಯವಾಗಿ ಮತ್ತೆ ಬರುತ್ತದೆ. ಈ ಚುಕ್ಕೆ ಒತ್ತಿದರೂ ಹೋಗುವುದಿಲ್ಲ, ಏಕೆಂದರೆ ಅಲ್ಲಿ ರಕ್ತ ನಾಳದಿಂದ ಹೊರಗೆ ಬಂದು ಚರ್ಮದಡಿ ನಿಂತುಬಿಟ್ಟಿದೆ. ನಿಮಗೆ ಈ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪುಳಿಯುವುದಾದರೆ ಈ ಚುಕ್ಕೆಗಳ ವಿಷಯ ಉಳಿಯಲಿ.

ಡಾಕ್ಟರ್ ನನ್ನನ್ನು ಕೇಳಿದ ಒಂದು ಪ್ರಶ್ನೆಯನ್ನು ನಾನು ನಿರೀಕ್ಷಿಸಿರಲಿಲ್ಲ. ಮನೆಯಲ್ಲಿ ಇಲಿ ಪಾಷಾಣ ಇಟ್ಟಿದ್ದೀರಾ? ಅಂಗಡಿಯಲ್ಲಿ ಸಿಗುವ ಇಲಿ ಕೇಕ್‌ಗಳಲ್ಲಿ ಹಲವು ರಕ್ತ ಹೆಪ್ಪುಗಟ್ಟದಂತೆ ಮಾಡುವ ವಿಷಗಳು. ಅದನ್ನು ತಿಂದ ನಾಯಿಗೂ ಎರಡು ಮೂರು ದಿನ ಏನೂ ಆಗದೆ ಆಮೇಲೆ ಹೀಗೇ ರಕ್ತ ಸೋರಬಹುದು. ಅದಕ್ಕೆ ಔಷಧ ಬೇರೆ, ವಿಟಮಿನ್ ಕೆ1. ಮೂಗಿನೊಳಗೆ ಹುಲ್ಲಿನ ಮುಳ್ಳು ಸಿಕ್ಕಿರಬಹುದು, ಹಲ್ಲಿನ ಬೇರು ಕೊಳೆತಿರಬಹುದು, ವಯಸ್ಸಾದ ನಾಯಿಗೆ ಮೂಗಿನಲ್ಲಿ ಗಡ್ಡೆ ಇರಬಹುದು. ಅದಕ್ಕೇ ಮೂಗಿನಲ್ಲಿ ರಕ್ತ ಬಂದರೆ ಟಿಕ್ ಫೀವರ್ರೇ ಎಂದು ಮನೆಯಲ್ಲಿ ಕೂತು ತೀರ್ಮಾನ ಮಾಡಲು ಆಗುವುದಿಲ್ಲ. ರಕ್ತ ನೋಡಲೇಬೇಕು.

ಮುಂಗಾಲಿನಿಂದ ರಕ್ತ ತೆಗೆದರು. ಸೂಜಿ ತೆಗೆದ ಮೇಲೆ ಆ ಜಾಗವನ್ನು ಪೂರ್ತಿ ಐದು ನಿಮಿಷ ಒತ್ತಿ ಹಿಡಿಯಲು ನನಗೆ ಹೇಳಿದರು. ಕಿವಿಯ ಅಂಚನ್ನು ಚುಚ್ಚಿ ಒಂದು ಹನಿ ಗಾಜಿನ ಸ್ಲೈಡ್ ಮೇಲೆ ಸವರಿದರು. ಅರ್ಧ ಗಂಟೆಯಲ್ಲಿ ರಿಪೋರ್ಟ್ ಬಂತು. ಪ್ಲೇಟ್‌ಲೆಟ್, ಅಂದರೆ ರಕ್ತ ಹೆಪ್ಪುಗಟ್ಟಲು ಬೇಕಾದ ಕಣಗಳು, 18 ಸಾವಿರ.

ಪ್ಲೇಟ್‌ಲೆಟ್ ಅಂದ ಕೂಡಲೇ ನಮಗೆಲ್ಲ ಡೆಂಗಿ ನೆನಪಾಗುತ್ತದೆ ಅಲ್ವಾ? ನನಗೂ ಹಾಗೇ ಆಯಿತು. ಎಲ್ಲ ತಪ್ಪು ತಿಳಿವಳಿಕೆ ಶುರುವಾಗುವುದು ಅಲ್ಲಿಂದಲೇ ಎಂದು ಈಗ ನನಗೆ ಅನಿಸುತ್ತದೆ. ಡೆಂಗಿ ವೈರಸ್‌ನಿಂದ ಬರುತ್ತದೆ. ಆ ವೈರಸ್ ಅನ್ನು ಕೊಲ್ಲುವ ಮಾತ್ರೆ ಇಲ್ಲ. ಹಾಗಾಗಿ ನಾವು ದಿನಾ ಪ್ಲೇಟ್‌ಲೆಟ್ ಎಣಿಸುತ್ತಾ, ನೀರು, ಎಳನೀರು ಕೊಡುತ್ತಾ ಕಾಯುತ್ತೇವೆ. ಸಂಖ್ಯೆ ಏರಿದರೆ ಗೆದ್ದೆವು ಅಂತ ಲೆಕ್ಕ. ನಾಯಿಯ ಟಿಕ್ ಫೀವರ್‌ನಲ್ಲಿ ಈ ಲೆಕ್ಕ ಎರಡೂ ಕಡೆ ತಪ್ಪು. ಇಲ್ಲಿ ಕೊಲ್ಲಬಹುದಾದ ಜೀವಿ ಇದೆ, ಅದಕ್ಕೆ ಔಷಧ ಇದೆ, ಆದ್ದರಿಂದ ಕಾಯಬಾರದು. ಇನ್ನೊಂದು ಕಡೆ, ಪ್ಲೇಟ್‌ಲೆಟ್ ಏರಿತು ಅಂದ ಮಾತ್ರಕ್ಕೆ ಆ ಜೀವಿ ಸತ್ತಿತು ಎಂದು ಅರ್ಥವಲ್ಲ.

ಆ ಜೀವಿಯ ಹೆಸರು ಎರ್ಲಿಕಿಯಾ ಕ್ಯಾನಿಸ್. ಬಹಳ ಚಿಕ್ಕ ಬ್ಯಾಕ್ಟೀರಿಯಾ. 1935ರಲ್ಲಿ ಅಲ್ಜೀರಿಯಾದಲ್ಲಿ ಇದನ್ನು ಮೊದಲು ಗುರುತಿಸಿದರು. ಮುಂದೆ ಜರ್ಮನಿಯ ವಿಜ್ಞಾನಿ ಪಾಲ್ ಎರ್ಲಿಕ್ ಅವರ ನೆನಪಿಗೆ ಈ ಹೆಸರು ಬಂತು. ಇದು ಬದುಕುವ ಜಾಗ ನೋಡಿದರೆ ಆಶ್ಚರ್ಯವಾಗುತ್ತದೆ. ನಮ್ಮ ದೇಹದಲ್ಲಿ ಹಾಗೆಯೇ ನಾಯಿಯ ದೇಹದಲ್ಲೂ ಹೊರಗಿನಿಂದ ಬಂದ ರೋಗಾಣುಗಳನ್ನು ನುಂಗಿ ಕೊಲ್ಲುವ ಬಿಳಿ ರಕ್ತಕಣಗಳಿವೆ. ಎರ್ಲಿಕಿಯಾ ಆ ಕಣದೊಳಗೇ ಹೋಗಿ ಕೂತು ಮರಿ ಮಾಡುತ್ತದೆ. ಕಾವಲುಗಾರನ ಮನೆಯಲ್ಲೇ ಕಳ್ಳ ಬಾಡಿಗೆಗೆ ಇದ್ದ ಹಾಗೆ. ಆ ಕಣಗಳ ಜೊತೆ ಗುಲ್ಮಕ್ಕೆ (ಸ್ಪ್ಲೀನ್), ಲಿವರ್‌ಗೆ, ಮೂಳೆಯೊಳಗಿನ ಮಜ್ಜೆಗೆ ಹೋಗುತ್ತದೆ.

ಹಾಗಾದರೆ ಪ್ಲೇಟ್‌ಲೆಟ್ ಏಕೆ ಬೀಳುತ್ತದೆ? ಎರ್ಲಿಕಿಯಾ ಅದನ್ನು ತಿನ್ನುವುದಿಲ್ಲ. ದೇಹ ಈ ಅಡಗಿರುವ ಶತ್ರುವಿನ ಮೇಲೆ ಯುದ್ಧ ಹೂಡುತ್ತದೆ, ಆ ಗಲಾಟೆಯಲ್ಲಿ ತನ್ನದೇ ಪ್ಲೇಟ್‌ಲೆಟ್‌ಗಳ ಮೇಲೂ ಪ್ರತಿಕಾಯಗಳನ್ನು (ಆಂಟಿಬಾಡಿ) ಬಿಡುತ್ತದೆ. ಗುಲ್ಮ ಊದಿಕೊಂಡು ಪ್ಲೇಟ್‌ಲೆಟ್‌ಗಳನ್ನು ಹಿಡಿದಿಟ್ಟುಕೊಂಡು ಒಡೆಯುತ್ತದೆ. ರಕ್ತನಾಳಗಳ ಗೋಡೆಯೂ ಉರಿಯೂತದಿಂದ ಹದಗೆಡುತ್ತದೆ, ಅಲ್ಲಿ ಇನ್ನಷ್ಟು ಖರ್ಚಾಗುತ್ತವೆ. ಆರೋಗ್ಯವಾದ ನಾಯಿಯ ರಕ್ತದಲ್ಲಿ ಒಂದು ಮೈಕ್ರೋಲೀಟರ್‌ಗೆ ಸುಮಾರು 2 ಲಕ್ಷದಿಂದ 5 ಲಕ್ಷ ಪ್ಲೇಟ್‌ಲೆಟ್ ಇರುತ್ತವೆ. ಒಂದು ಲಕ್ಷಕ್ಕೆ ಇಳಿದರೂ ಹೊರಗಿನಿಂದ ಏನೂ ಕಾಣುವುದಿಲ್ಲ. ಸಾಮಾನ್ಯವಾಗಿ 50 ಸಾವಿರಕ್ಕಿಂತ, ಅದರಲ್ಲೂ 30 ಸಾವಿರಕ್ಕಿಂತ ಕೆಳಗೆ ಬಂದ ಮೇಲೆ ತಾನಾಗಿಯೇ ರಕ್ತ ಸೋರುವ ಭಯ. ಅಂದರೆ ಬುಧವಾರ ಬೆಲ್ಲ ಗೇಟಿನ ಹತ್ತಿರ ಬೊಗಳುತ್ತಿದ್ದಾಗ ಒಳಗೆ ಪ್ಲೇಟ್‌ಲೆಟ್ ಬೀಳುತ್ತಲೇ ಇತ್ತು. ಮಂಗಳವಾರದ ಇಂಜೆಕ್ಷನ್ ಜ್ವರವನ್ನು ಇಳಿಸಿತ್ತು ಅಷ್ಟೇ. ಆ ದಿನವೇ ರಕ್ತ ನೋಡಿದ್ದರೆ ಮೂಗಿನಲ್ಲಿ ರಕ್ತ ಬರುವ ಮೊದಲೇ ಔಷಧ ಶುರುವಾಗುತ್ತಿತ್ತು. ಇದು ನನ್ನ ಮನಸ್ಸಿನಿಂದ ಹೋಗುವುದಿಲ್ಲ.

ಈ ಕಾಯಿಲೆಗೆ ಮೂರು ಘಟ್ಟಗಳಿವೆ. ಉಣ್ಣೆ ಕಚ್ಚಿ ಒಂದರಿಂದ ಮೂರು ವಾರದಲ್ಲಿ ಜ್ವರ, ಊಟ ಬಿಡುವುದು, ಸುಸ್ತು, ಕಣ್ಣಿನಲ್ಲಿ ಪಿಸುರು, ಗಂಟಲಡಿ ಗಂಟು ಊದುವುದು. ಇದು ಎರಡರಿಂದ ನಾಲ್ಕು ವಾರ ಇದ್ದು, ಔಷಧ ಕೊಡದಿದ್ದರೂ ಎಷ್ಟೋ ನಾಯಿಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಮೋಸ ಇರುವುದೇ ಇಲ್ಲಿ. ಎರಡನೇ ಘಟ್ಟದಲ್ಲಿ ನಾಯಿ ತಿನ್ನುತ್ತದೆ, ಆಡುತ್ತದೆ, ಎಲ್ಲರ ಕಣ್ಣಿಗೂ ಗಟ್ಟಿಮುಟ್ಟಾಗಿರುತ್ತದೆ. ರೋಗಾಣು ಗುಲ್ಮದಲ್ಲಿ ಸದ್ದಿಲ್ಲದೆ ಕೂತಿರುತ್ತದೆ. ತಿಂಗಳುಗಟ್ಟಲೆ ಇರಬಹುದು, ವರ್ಷಗಟ್ಟಲೆಯೂ ಇರಬಹುದು. ಕೆಲವು ನಾಯಿಗಳು ಈ ಹಂತದಲ್ಲೇ ರೋಗವನ್ನು ಪೂರ್ತಿ ಗೆದ್ದುಬಿಡುತ್ತವೆ. ಉಳಿದವುಗಳಲ್ಲಿ ಕೆಲವು ಮೂರನೇ ಘಟ್ಟಕ್ಕೆ ಜಾರುತ್ತವೆ. ಆಗ ಮೂಳೆಯ ಮಜ್ಜೆ ಕೆಲಸ ನಿಲ್ಲಿಸುತ್ತದೆ. ಪ್ಲೇಟ್‌ಲೆಟ್ ಮಾತ್ರವಲ್ಲ, ಕೆಂಪು ಕಣ, ಬಿಳಿ ಕಣ ಯಾವುದೂ ತಯಾರಾಗುವುದಿಲ್ಲ. ಅಲ್ಲಿಂದ ನಾಯಿಯನ್ನು ವಾಪಸ್ ತರುವುದು ಬಹಳ ಕಷ್ಟ.

ಜರ್ಮನ್ ಶೆಫರ್ಡ್ ನಾಯಿಗಳಲ್ಲಿ ಇದು ಹೆಚ್ಚು ಉಗ್ರವಾಗಿ ಬರುತ್ತದೆ ಎಂಬುದು ಜಗತ್ತಿಗೆ ಗೊತ್ತಾದದ್ದು ವಿಯೆಟ್ನಾಂ ಯುದ್ಧದಲ್ಲಿ. 1960ರ ದಶಕದ ಕೊನೆಗೆ ಅಲ್ಲಿದ್ದ ಅಮೆರಿಕದ ಸೇನೆಯ ನಾಯಿಗಳು, ಹೆಚ್ಚಿನವು ಜರ್ಮನ್ ಶೆಫರ್ಡ್, ಮೂಗಿನಿಂದ ರಕ್ತ ಸೋರಿ ಒಂದರ ಹಿಂದೆ ಒಂದು ಸತ್ತವು. ಹೀಗೆ ಸತ್ತವು ನೂರಕ್ಕೂ ಹೆಚ್ಚು. ಮೊದಲು ಯಾವುದೋ ಹೊಸ ರೋಗ ಎಂದುಕೊಂಡಿದ್ದರು. ಹುಡುಕಿದಾಗ ಸಿಕ್ಕಿದ್ದು ಎರ್ಲಿಕಿಯಾ. ನಿಮ್ಮ ಮನೆಯಲ್ಲಿ ಶೆಫರ್ಡ್ ಇದ್ದರೆ, ಊಟ ಬಿಟ್ಟ ಎರಡನೇ ಹೊತ್ತಿಗೇ ಡಾಕ್ಟರ ಹತ್ತಿರ ಹೋಗಿ ಎಂದು ನಾನು ಹೇಳುತ್ತೇನೆ.

ಟಿಕ್ ಫೀವರ್ ಎಂದು ನಾವು ಒಂದೇ ಹೆಸರಿನಲ್ಲಿ ಕರೆದರೂ ಉಣ್ಣೆಗಳು ತರುವ ಕಾಯಿಲೆ ಒಂದೇ ಅಲ್ಲ. ಇನ್ನೊಂದು ದೊಡ್ಡದು ಬ್ಯಾಬೇಸಿಯಾ. ಇದು ಬ್ಯಾಕ್ಟೀರಿಯಾ ಅಲ್ಲ, ಮಲೇರಿಯಾ ತರುವ ಪರಾವಲಂಬಿಯ ದೂರದ ನೆಂಟ. ಮಲೇರಿಯಾದ ಹಾಗೆಯೇ ಕೆಂಪು ರಕ್ತಕಣದೊಳಗೆ ಸೇರಿ ಅದನ್ನು ಒಡೆಯುತ್ತದೆ. ಇದರಲ್ಲಿ ಒಂದು ಜಾತಿ, ಬ್ಯಾಬೇಸಿಯಾ ಗಿಬ್ಸೋನಿ, ನಮ್ಮ ಪಕ್ಕದ ಮದ್ರಾಸಿನಲ್ಲೇ ಬೇಟೆನಾಯಿಗಳ ರಕ್ತದಲ್ಲಿ ಸಿಕ್ಕಿ 1910ರಲ್ಲಿ ದಾಖಲಾಯಿತು. ಇದು ಬಂದ ನಾಯಿಯ ಮೂತ್ರ ಕಡುಗೆಂಪು ಅಥವಾ ಡಿಕಾಕ್ಷನ್ ಬಣ್ಣಕ್ಕೆ ತಿರುಗಬಹುದು, ಏಕೆಂದರೆ ಒಡೆದ ಕಣಗಳ ಬಣ್ಣ ಕಿಡ್ನಿಯ ಮೂಲಕ ಹೊರಗೆ ಹೋಗುತ್ತದೆ. ಒಸಡು ಬಿಳಚಿಕೊಳ್ಳುತ್ತದೆ, ಕೆಲವೊಮ್ಮೆ ಕಣ್ಣು ಹಳದಿಯಾಗುತ್ತದೆ. ಮೂತ್ರದ ಬಣ್ಣ ಬೇರೆ ಥರ ಕಂಡರೆ ಫೋನಿನಲ್ಲಿ ಒಂದು ಫೋಟೋ ತೆಗೆದುಕೊಂಡು ಹೋಗಿ. ಬಾಯಲ್ಲಿ ಹೇಳುವುದಕ್ಕಿಂತ ಅದು ಡಾಕ್ಟರಿಗೆ ಹೆಚ್ಚು ಸಹಾಯ ಮಾಡುತ್ತದೆ. ಒಂದೇ ಉಣ್ಣೆ ಎರಡೂ ರೋಗಾಣುಗಳನ್ನು ಹೊತ್ತಿರಬಹುದು, ಒಂದೇ ನಾಯಿಗೆ ಎರಡೂ ಒಟ್ಟಿಗೆ ಬರಬಹುದು. ಎರ್ಲಿಕಿಯಾಗೆ ಕೊಡುವ ಔಷಧ ಒಂದೇ ಬ್ಯಾಬೇಸಿಯಾಕ್ಕೆ ಸಾಲದು. ಅದಕ್ಕೇ ಯಾವುದು ಎಂದು ಹುಡುಕುವುದು ಮುಖ್ಯ.

ಹುಡುಕುವುದು ಹೇಗೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬಿಲ್ ನೋಡಿ ಇಷ್ಟೊಂದು ಟೆಸ್ಟ್ ಏಕೆ ಎಂದು ನಮಗೆ ಅನಿಸುವುದು ಸಹಜ. ಮೊದಲನೆಯದು ರಕ್ತಕಣಗಳ ಎಣಿಕೆ. ಇದು ರೋಗದ ಹೆಸರು ಹೇಳುವುದಿಲ್ಲ, ಹಾನಿ ಎಷ್ಟಾಗಿದೆ ಎಂದು ಹೇಳುತ್ತದೆ. ಎರಡನೆಯದು ಸ್ಮಿಯರ್, ಆ ಸ್ಲೈಡ್ ಮೇಲೆ ಸವರಿದ ಹನಿ. ಬ್ಯಾಬೇಸಿಯಾ ಇದ್ದರೆ ಸೂಕ್ಷ್ಮದರ್ಶಕದಲ್ಲಿ ಕೆಂಪು ಕಣದೊಳಗೆ ಕಾಣುವ ಸಾಧ್ಯತೆ ಇದೆ. ಎರ್ಲಿಕಿಯಾ ಕಾಣುವುದು ಅಪರೂಪ, ಕಾಣದಿದ್ದರೆ ಇಲ್ಲ ಎಂದರ್ಥವಲ್ಲ. ಸ್ಮಿಯರ್‌ಗೆ ಇನ್ನೊಂದು ಕೆಲಸವೂ ಇದೆ. ಕೆಲವೊಮ್ಮೆ ರಕ್ತ ತೆಗೆದ ಟ್ಯೂಬಿನಲ್ಲಿ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿ ಗುಂಪಾಗುತ್ತವೆ, ಯಂತ್ರ ಆ ಗುಂಪನ್ನು ಎಣಿಸಲಾಗದೆ ತೀರಾ ಕಡಿಮೆ ಸಂಖ್ಯೆ ತೋರಿಸುತ್ತದೆ. ಕಣ್ಣಿಂದ ನೋಡಿದರೆ ಅದು ತಿಳಿಯುತ್ತದೆ. ಹಣ ಉಳಿಯಲಿ ಎಂದು ರಕ್ತವನ್ನು ಮನುಷ್ಯರ ಲ್ಯಾಬಿಗೆ ತೆಗೆದುಕೊಂಡು ಹೋಗುವವರಿದ್ದಾರೆ. ನಾಯಿಯ ರಕ್ತಕಣದ ಗಾತ್ರವೇ ಬೇರೆ, ಸಹಜ ಮಟ್ಟವೂ ಬೇರೆ. ಮನುಷ್ಯರಿಗೆ ಹೊಂದಿಸಿದ ಯಂತ್ರದ ಸಂಖ್ಯೆಯನ್ನು ನಂಬಿ ಔಷಧ ಕೊಡುವುದು ಸರಿಯಲ್ಲ.

ಮೂರನೆಯದು ಸ್ಟ್ರಿಪ್ ಟೆಸ್ಟ್. ಒಂದು ಹನಿ ರಕ್ತ ಹಾಕಿದರೆ ಕೆಲವೇ ನಿಮಿಷದಲ್ಲಿ ಗೆರೆ ಬರುತ್ತದೆ. ಇದು ನೋಡುವುದು ರೋಗಾಣುವನ್ನಲ್ಲ, ರೋಗಾಣುವಿನ ವಿರುದ್ಧ ದೇಹ ಮಾಡಿದ ಪ್ರತಿಕಾಯವನ್ನು. ಇಲ್ಲಿ ಎರಡು ಕಡೆ ಎಡವಬಹುದು. ರೋಗ ಬಂದ ಮೊದಲ ದಿನಗಳಲ್ಲಿ ಪ್ರತಿಕಾಯ ಇನ್ನೂ ತಯಾರಾಗಿರುವುದಿಲ್ಲ, ಹಾಗಾಗಿ ನೆಗೆಟಿವ್ ಬರುತ್ತದೆ. ಗುಣವಾದ ಮೇಲೂ ಪ್ರತಿಕಾಯ ತಿಂಗಳುಗಟ್ಟಲೆ ಉಳಿಯುತ್ತದೆ, ಹಾಗಾಗಿ ಪಾಸಿಟಿವ್ ಬರುತ್ತಲೇ ಇರುತ್ತದೆ. ನಮಗೆ ಡಾಕ್ಟರ್ ಇದನ್ನು ಮೊದಲೇ ಹೇಳಿದ್ದು ಒಳ್ಳೆಯದಾಯಿತು. ಪಿಸಿಆರ್ ಮಾತ್ರ ರೋಗಾಣುವಿನ ಡಿಎನ್ಎಯನ್ನೇ ಹುಡುಕುತ್ತದೆ. ಖರ್ಚು ಜಾಸ್ತಿ, ಫಲಿತಾಂಶಕ್ಕೆ ಕಾಯಬೇಕು. ಬೆಲ್ಲಳ ಸ್ಥಿತಿ ನೋಡಿ ಡಾಕ್ಟರ್ ಪಿಸಿಆರ್‌ಗೆ ರಕ್ತ ಕಳಿಸಿದರು, ಆದರೆ ಅದು ಬರುವವರೆಗೆ ಕಾಯದೆ ಅವತ್ತೇ ಔಷಧ ಶುರು ಮಾಡಿದರು. ನಾಲ್ಕನೇ ದಿನ ಎರ್ಲಿಕಿಯಾ ಎಂದು ಬಂತು, ಬ್ಯಾಬೇಸಿಯಾ ಇರಲಿಲ್ಲ.

ಔಷಧ ಡಾಕ್ಸಿಸೈಕ್ಲಿನ್. ಹಳೆಯ, ಸುಲಭವಾಗಿ ಸಿಗುವ, ಅಗ್ಗದ ಮಾತ್ರೆ. ಸಾಮಾನ್ಯ ಲೆಕ್ಕ ನಾಯಿಯ ಒಂದು ಕೆಜಿ ತೂಕಕ್ಕೆ ದಿನಕ್ಕೆ 10 ಮಿಲಿಗ್ರಾಂ, 28 ದಿನ. ಎಷ್ಟು ಅನ್ನುವುದನ್ನು ನಿಮ್ಮ ಡಾಕ್ಟರೇ ನಿರ್ಧರಿಸಲಿ. ನಾನು ಹೇಳಬೇಕಾದದ್ದು ಆ 28 ದಿನದ ಬಗ್ಗೆ. ಔಷಧ ಶುರುವಾಗಿ ಒಂದೆರಡು ದಿನದಲ್ಲಿ ಜ್ವರ ಇಳಿಯುತ್ತದೆ, ನಾಯಿ ತಿನ್ನುತ್ತದೆ. ಬೆಲ್ಲ ಮೂರನೇ ದಿನ ಚಪ್ಪಲಿ ಕಚ್ಚಿಕೊಂಡು ಓಡಿದಳು. ಒಂದು ವಾರಕ್ಕೆ ಪ್ಲೇಟ್‌ಲೆಟ್ ಒಂದು ಲಕ್ಷ ದಾಟಿತು. ಆ ಹೊತ್ತಿಗೆ ಸರಿಯಾಗಿ ಮನೆಯಲ್ಲಿ ಮಾತು ಶುರುವಾಗುತ್ತದೆ. ಇಷ್ಟು ಆಂಟಿಬಯಾಟಿಕ್ ಏಕೆ, ಪಾಪ, ಹೊಟ್ಟೆ ಕೆಡುತ್ತದೆ, ನಿಲ್ಲಿಸು ಅಂತ. ನಿಲ್ಲಿಸಬಾರದು. ರಕ್ತದಲ್ಲಿ ಓಡಾಡುತ್ತಿದ್ದ ರೋಗಾಣು ಸತ್ತಿದೆ, ಗುಲ್ಮದೊಳಗೆ ಕಣದಲ್ಲಿ ಅಡಗಿದ್ದು ಸತ್ತಿಲ್ಲ. ಅರ್ಧಕ್ಕೆ ಬಿಟ್ಟರೆ ನಾವೇ ಕೈಯಾರೆ ನಾಯಿಯನ್ನು ಆ ಎರಡನೇ ಘಟ್ಟಕ್ಕೆ ಕಳಿಸಿದಂತೆ.

ಮಾತ್ರೆ ಕೊಡುವ ರೀತಿಯಲ್ಲೂ ಒಂದು ವಿಷಯ ಇದೆ, ನಮ್ಮ ಕಡೆಯವರಿಗೆ ಇದು ತುಂಬಾ ಬೇಕಾದದ್ದು. ನಾವು ಮಾತ್ರೆಯನ್ನು ಮೊಸರನ್ನದಲ್ಲಿ ಮುಚ್ಚಿ ಕೊಡುತ್ತೇವೆ. ಡಾಕ್ಸಿಸೈಕ್ಲಿನ್‌ಗೆ ಅದು ಬೇಡ. ಹಾಲು, ಮೊಸರು, ಪನೀರಿನಲ್ಲಿರುವ ಕ್ಯಾಲ್ಸಿಯಂ ಔಷಧಕ್ಕೆ ಅಂಟಿಕೊಂಡು ರಕ್ತಕ್ಕೆ ಸೇರುವುದನ್ನು ಕಡಿಮೆ ಮಾಡುತ್ತದೆ. ಕಬ್ಬಿಣದ ಟಾನಿಕ್ಕೂ ಹಾಗೇ, ಅದನ್ನು ಬರೆದುಕೊಟ್ಟಿದ್ದರೆ ಎರಡಕ್ಕೂ ಕೆಲವು ಗಂಟೆಗಳ ಅಂತರ ಇಡಬೇಕು. ಬರೀ ಹೊಟ್ಟೆಗೆ ಕೊಟ್ಟರೆ ವಾಂತಿಯಾಗುತ್ತದೆ. ಒಣಗಿದ ಗಂಟಲಲ್ಲಿ ಮಾತ್ರೆ ಸಿಕ್ಕಿಕೊಂಡರೆ ಅನ್ನನಾಳದಲ್ಲಿ ಹುಣ್ಣಾಗಬಹುದು. ಹಾಗಾಗಿ ಊಟ ಆದ ಮೇಲೆ ಇಡ್ಲಿಯ ಚೂರಿನಲ್ಲೋ ಬೇಯಿಸಿದ ಕೋಳಿಯಲ್ಲೋ ಇಟ್ಟು ಕೊಟ್ಟು, ಹಿಂದೆಯೇ ಇನ್ನೊಂದು ತುತ್ತು, ಸ್ವಲ್ಪ ನೀರು. ನಾವು 28 ದಿನವೂ ಇಡ್ಲಿ ಮಾಡಿದೆವು.

ಬ್ಯಾಬೇಸಿಯಾ ಆಗಿದ್ದರೆ ದಾರಿ ಬೇರೆ. ಒಂದು ಜಾತಿಗೆ ಇಮಿಡೋಕಾರ್ಬ್ ಎಂಬ ಇಂಜೆಕ್ಷನ್, ಸುಮಾರು ಎರಡು ವಾರದ ಅಂತರದಲ್ಲಿ ಎರಡು ಸಲ ಕೊಡುತ್ತಾರೆ. ನೋವು ಕೊಡುತ್ತದೆ, ಕೊಟ್ಟ ಮೇಲೆ ಜೊಲ್ಲು ಸುರಿಯಬಹುದು. ಗಿಬ್ಸೋನಿಗೆ ಅದು ಅಷ್ಟಾಗಿ ಕೆಲಸ ಮಾಡುವುದಿಲ್ಲ, ಅಟೊವಕ್ವೋನ್ ಮತ್ತು ಅಜಿತ್ರೋಮೈಸಿನ್ ಒಟ್ಟಿಗೆ 10 ದಿನ ಕೊಡುವ ಕ್ರಮ ಇದೆ. ಹಾಗೆಯೇ ಪ್ಲೇಟ್‌ಲೆಟ್ ತೀರಾ ಬಿದ್ದಾಗ ದೇಹದ ಆ ಸ್ವಂತ ದಾಳಿಯನ್ನು ತಣಿಸಲು ಕೆಲವು ದಿನ ಸ್ಟೀರಾಯ್ಡ್ ಕೊಡುವುದುಂಟು. ನಮಗೂ ಕೊಟ್ಟರು. ಡಾಕ್ಟರ್ ಹೇಳದೆ ಅದನ್ನು ಶುರು ಮಾಡುವುದೂ ಬೇಡ, ತಟ್ಟನೆ ನಿಲ್ಲಿಸುವುದೂ ಬೇಡ.

ಪರಂಗಿ ಎಲೆಯ ರಸದ ಬಗ್ಗೆ ಹೇಳಲೇಬೇಕು, ಏಕೆಂದರೆ ಆ ವಾರ ನನಗೆ ಫೋನ್ ಮಾಡಿದವರಲ್ಲಿ ಅರ್ಧ ಜನ ಅದನ್ನೇ ಹೇಳಿದರು. ಎಲ್ಲರೂ ಪ್ರೀತಿಯಿಂದಲೇ ಹೇಳಿದ್ದು. ಆದರೆ ಅದು ಎರ್ಲಿಕಿಯಾವನ್ನು ಕೊಲ್ಲುವುದಿಲ್ಲ. ಊಟ ಬಿಟ್ಟ ನಾಯಿಯ ಬಾಯಿ ಬಿಡಿಸಿ ಆ ಕಹಿ ರಸ ಹೊಯ್ದರೆ ವಾಂತಿ ಮಾಡುತ್ತದೆ, ಅದರ ಜೊತೆ ಡಾಕ್ಸಿಸೈಕ್ಲಿನ್ ಕೂಡ ಹೊರಗೆ ಬರುತ್ತದೆ. ಇನ್ನೂ ಕೆಟ್ಟದ್ದು, ರಸ ಕೊಡುತ್ತಾ ಎರಡು ದಿನ ನೋಡೋಣ ಎಂದು ಕೂತರೆ ಆ ಎರಡು ದಿನ ಹೋಗಿಬಿಡುತ್ತದೆ.

ರಕ್ತ ಕೊಡಬೇಕಾಗಬಹುದು ಎಂದು ಡಾಕ್ಟರ್ ಹೇಳಿದಾಗ ನನ್ನ ಕೈ ನಡುಗಿತು. ನಾಯಿಗೆ ನಾಯಿಯದೇ ರಕ್ತ ಬೇಕು. ಅವುಗಳಿಗೂ ರಕ್ತದ ಗುಂಪುಗಳಿವೆ. ಮನುಷ್ಯರಂತೆ ಹುಟ್ಟಿನಿಂದಲೇ ಬೇರೆ ಗುಂಪಿನ ವಿರುದ್ಧ ಬಲವಾದ ಪ್ರತಿಕಾಯ ಇರುವುದು ಅಪರೂಪ, ಹಾಗಾಗಿ ಮೊದಲ ಸಲಕ್ಕೆ ದೊಡ್ಡ ತೊಂದರೆ ಸಾಮಾನ್ಯವಾಗಿ ಆಗುವುದಿಲ್ಲ. ಎರಡನೇ ಸಲಕ್ಕೆ ಹೊಂದಾಣಿಕೆ ನೋಡಲೇಬೇಕು. ದಾನಿಯಾಗುವ ನಾಯಿ ಸಾಮಾನ್ಯವಾಗಿ 25 ಕೆಜಿಗಿಂತ ಹೆಚ್ಚು ತೂಕ ಇರಬೇಕು, ಲಸಿಕೆಗಳಾಗಿರಬೇಕು, ಅದಕ್ಕೂ ಟಿಕ್ ಫೀವರ್ ಇಲ್ಲ ಎಂದು ಪರೀಕ್ಷೆಯಾಗಿರಬೇಕು. ರಕ್ತ ಕೊಡುವುದು ಮುಖ್ಯವಾಗಿ ಕೆಂಪು ಕಣ ಬಹಳ ಇಳಿದಾಗ. ಪ್ಲೇಟ್‌ಲೆಟ್ ಏರಿಸಲು ಅದರಿಂದ ಸಿಗುವ ಲಾಭ ಕಡಿಮೆ. ಬೆಲ್ಲಳ ಕೆಂಪು ಕಣಗಳು ತಡೆದು ನಿಂತಿದ್ದವು, ನಮಗೆ ಬೇಕಾಗಲಿಲ್ಲ. ಪಕ್ಕದ ಮೇಜಿನ ಮೇಲೆ ಒಂದು ಪಗ್‌ಗೆ ಬೇಕಾಯಿತು, ಯಾರದೋ ಮನೆಯ ಲ್ಯಾಬ್ರಡಾರ್ ಬಂದು ಸುಮ್ಮನೆ ಮಲಗಿ ರಕ್ತ ಕೊಟ್ಟು ಹೋಯಿತು. ದೊಡ್ಡ, ಆರೋಗ್ಯವಂತ ನಾಯಿ ಇರುವವರು ನಿಮ್ಮ ಡಾಕ್ಟರ ಹತ್ತಿರ ಫೋನ್ ನಂಬರ್ ಕೊಟ್ಟಿಡಿ, ಬೇಡಿಕೊಳ್ಳುತ್ತೇನೆ.

ಖರ್ಚು ಕೈ ಮೀರುತ್ತದೆ ಅನಿಸಿದರೆ ಚಿಕಿತ್ಸೆಯನ್ನೇ ಬಿಡಬೇಡಿ. ತಾಲೂಕಿನ ಪಶು ಆಸ್ಪತ್ರೆಯಲ್ಲಿ ಕೇಳಿ. ಬೆಂಗಳೂರಿನ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ಡಾಕ್ಟರಿಗೂ ನೇರವಾಗಿ ಹೇಳಿ, ಇಷ್ಟೇ ಆಗುವುದು ನಮ್ಮ ಕೈಲಿ ಎಂದು. ಎಣಿಕೆ ಮತ್ತು ಸ್ಮಿಯರ್ ಮಾಡಿಸಿ ಡಾಕ್ಸಿಸೈಕ್ಲಿನ್ ಶುರು ಮಾಡುವುದಕ್ಕೆ ಬಹಳ ದುಡ್ಡು ಬೇಕಾಗುವುದಿಲ್ಲ. ದುಡ್ಡು ಹೋಗುವುದು ತಡ ಮಾಡಿ ಡ್ರಿಪ್, ರಕ್ತ ಎಂದು ಅಡ್ಮಿಟ್ ಮಾಡಬೇಕಾದಾಗ.

ಇನ್ನು ಉಣ್ಣೆ. ಮಲೆನಾಡಿನ ಕಡೆ ಉಣುಗು ಅನ್ನುತ್ತಾರೆ. ಬೆಲ್ಲಳ ಮೈಮೇಲೆ ನಾವು ಆ ತಿಂಗಳು ನೋಡಿದ್ದು ಎರಡೇ ಉಣ್ಣೆ. ಎರಡೇ ಅಲ್ವಾ ಎಂದು ಕಿತ್ತು ಬಿಸಾಡಿದ್ದೆ. ಒಂದೇ ಸಾಕು. ಅಂಟಿಕೊಂಡ ಕೆಲವೇ ಗಂಟೆಗಳಲ್ಲಿ ಅದು ಎರ್ಲಿಕಿಯಾವನ್ನು ದಾಟಿಸಬಲ್ಲದು. ನಮ್ಮ ನಾಯಿಗಳಿಗೆ ಹತ್ತುವ ಈ ಕಂದು ಉಣ್ಣೆ ಜೀವನದ ಹೆಚ್ಚಿನ ಭಾಗ ಕಳೆಯುವುದು ನಾಯಿಯ ಮೇಲಲ್ಲ, ನಮ್ಮ ಗೋಡೆಯ ಬಿರುಕಿನಲ್ಲಿ. ಮೂರು ಸಲ ನಾಯಿಗೆ ಹತ್ತುತ್ತದೆ, ಮರಿಯಾಗಿ ಒಮ್ಮೆ, ಸ್ವಲ್ಪ ಬೆಳೆದು ಒಮ್ಮೆ, ದೊಡ್ಡದಾಗಿ ಒಮ್ಮೆ. ಪ್ರತಿ ಸಲವೂ ಕೆಲವು ದಿನ ರಕ್ತ ಕುಡಿದು ಉದುರಿ ಬಿರುಕು ಸೇರುತ್ತದೆ. ಹೆಣ್ಣು ಉಣ್ಣೆ ಒಂದೇ ಸಲಕ್ಕೆ ಸಾವಿರಾರು ಮೊಟ್ಟೆ ಇಡುತ್ತದೆ. ರಕ್ತ ಸಿಗದಿದ್ದರೂ ತಿಂಗಳುಗಟ್ಟಲೆ ಬದುಕುತ್ತದೆ. ಇದಕ್ಕೆ ಕಾಡು ಬೇಡ, ಪೊದೆ ಬೇಡ, ಅಪಾರ್ಟ್‌ಮೆಂಟಿನ ನಾಲ್ಕನೇ ಮಹಡಿಯಲ್ಲೂ ಸಂಸಾರ ಹೂಡುತ್ತದೆ.

ಮನೆಯಲ್ಲಿ ಮಕ್ಕಳಿದ್ದವರು ಕೇಳುತ್ತಾರೆ, ನಮಗೂ ಬರುತ್ತದಾ ಎಂದು. ನಾಯಿ ನೆಕ್ಕಿದರೆ, ಪಕ್ಕದಲ್ಲಿ ಮಲಗಿದರೆ ಈ ಕಾಯಿಲೆ ಬರುವುದಿಲ್ಲ. ಮಂಗನ ಕಾಯಿಲೆಯೂ ಉಣ್ಣೆಯಿಂದಲೇ ಬರುತ್ತದೆ, ಆದರೆ ಅದು ಬೇರೆ. ಅದು ವೈರಸ್, ಅದನ್ನು ಹರಡುವುದು ಮುಖ್ಯವಾಗಿ ಕಾಡಿನ ಬೇರೆ ಜಾತಿಯ ಉಣ್ಣೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದದ್ದು. ಹಾಗಂತ ನಾಯಿಯ ಉಣ್ಣೆಯನ್ನು ಉಗುರಿನಲ್ಲಿ ಚಿವುಟಿ ಒಡೆಯುವುದು ಒಳ್ಳೆಯದಲ್ಲ. ಚಿಮಟದಿಂದ ಚರ್ಮಕ್ಕೆ ಹತ್ತಿರ ಹಿಡಿದು, ತಿರುಚದೆ ನೇರವಾಗಿ ಎಳೆದು, ಸೋಪಿನ ನೀರು ಅಥವಾ ಸ್ಪಿರಿಟ್ ಇರುವ ಡಬ್ಬಿಗೆ ಹಾಕಿ. ಸೀಮೆಎಣ್ಣೆ ಹಚ್ಚುವುದು, ಅಗರಬತ್ತಿಯಿಂದ ಸುಡುವುದು ಬೇಡವೇ ಬೇಡ.

ನಾವು ಈಗ ತಿಂಗಳಿಗೊಮ್ಮೆ ಅಗಿದು ತಿನ್ನುವ ಉಣ್ಣೆ ಮಾತ್ರೆ ಕೊಡುತ್ತೇವೆ. ಮೂರು ತಿಂಗಳು ಕೆಲಸ ಮಾಡುವುದೂ ಸಿಗುತ್ತದೆ. ಫಿಟ್ಸ್ ಬಂದ ಇತಿಹಾಸ ಇರುವ ನಾಯಿಗೆ ಕೊಡುವ ಮೊದಲು ಡಾಕ್ಟರಿಗೆ ಹೇಳಲೇಬೇಕು, ಈ ಗುಂಪಿನ ಔಷಧಗಳ ಬಗ್ಗೆ ಆ ಎಚ್ಚರಿಕೆ ಇದೆ. ಇನ್ನು ಮೈಗೆ ಸುರಿಯುವ, ನೆಲಕ್ಕೆ ಸಿಂಪಡಿಸುವ ಔಷಧಗಳು. ಮನೆಯಲ್ಲಿ ಬೆಕ್ಕು ಇದ್ದರೆ ಜೋಪಾನ, ನಾಯಿಗೆ ಏನೂ ಮಾಡದ ಪರ್ಮೆಥ್ರಿನ್ ಬೆಕ್ಕಿನ ಜೀವ ತೆಗೆಯಬಹುದು. ಬಟ್ಟೆ ಒಗೆಯುವ ಕಲ್ಲಿನ ಹಿಂದೆ, ಬಾಗಿಲ ಚೌಕಟ್ಟಿನ ಸಂದಿನಲ್ಲಿ, ಬೆಲ್ಲ ಮಲಗುವ ಮೂಲೆಯ ಮೇಲಿನ ಗೋಡೆಯಲ್ಲಿ ಇದ್ದ ಬಿರುಕುಗಳನ್ನೆಲ್ಲ ಸಿಮೆಂಟ್ ಹಾಕಿ ಮುಚ್ಚಿಸಿದೆವು. ಉಣ್ಣೆ ಮೇಲಕ್ಕೆ ಹತ್ತುತ್ತದೆ, ನೆಲ ಮಾತ್ರ ನೋಡಿದರೆ ಸಾಲದು.

ಜ್ವರ ನೋಡಲು ನಾಯಿಗೇ ಬೇರೆ ಒಂದು ಡಿಜಿಟಲ್ ಥರ್ಮಾಮೀಟರ್ ಇಟ್ಟುಕೊಂಡಿದ್ದೇವೆ, ಗುದದಲ್ಲಿ ಇಟ್ಟು ನೋಡಬೇಕು. ನಾಯಿಯ ಸಹಜ ಉಷ್ಣಾಂಶ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ನಮಗೆ ಜ್ವರ ಎನಿಸುವುದು ಅದಕ್ಕೆ ಸಹಜ. ಮೂಗು ಮುಟ್ಟಿ ನೋಡಿ ಏನನ್ನೂ ಹೇಳಲಾಗುವುದಿಲ್ಲ. 103 ದಾಟಿ ಊಟವನ್ನೂ ಬಿಟ್ಟರೆ ಅವತ್ತೇ ರಕ್ತ ಪರೀಕ್ಷೆ. ಒಸಡು ಬಿಳಿ, ಮೂತ್ರ ಡಿಕಾಕ್ಷನ್, ಮಲ ಡಾಂಬರಿನಂತೆ ಕಪ್ಪು, ಎದ್ದು ನಿಲ್ಲಲಾಗದಿರುವುದು, ಇವುಗಳಲ್ಲಿ ಯಾವುದಾದರೂ ಒಂದು ಕಂಡರೆ ಬೆಳಗಾಗುವವರೆಗೆ ಕಾಯಬಾರದು.

28ನೇ ದಿನ ಬೆಲ್ಲಳ ಪ್ಲೇಟ್‌ಲೆಟ್ 2 ಲಕ್ಷ 60 ಸಾವಿರ ಇತ್ತು. ಮಾತ್ರೆ ನಿಲ್ಲಿಸಿದ ಒಂದು ತಿಂಗಳಿಗೆ ಒಮ್ಮೆ, ಮೂರು ತಿಂಗಳಿಗೆ ಒಮ್ಮೆ ಮತ್ತೆ ರಕ್ತ ನೋಡಬೇಕು ಎಂದಿದ್ದಾರೆ. ಒಮ್ಮೆ ಬಂದು ಹೋದರೆ ಮತ್ತೆ ಬರುವುದಿಲ್ಲ ಎಂಬ ರಕ್ಷಣೆ ಈ ರೋಗದಲ್ಲಿ ಇಲ್ಲ, ಹೊಸ ಉಣ್ಣೆ ಕಚ್ಚಿದರೆ ಹೊಸದಾಗಿಯೇ ಬರಬಹುದು. ಭಾನುವಾರ ಬೆಳಿಗ್ಗೆ ಅಮ್ಮ ಅವಳನ್ನು ಬಿಸಿಲಿನಲ್ಲಿ ಮಲಗಿಸಿ ಕಿವಿಯ ಒಳಗೆ, ಬೆರಳ ಸಂದಿನಲ್ಲಿ, ಕುತ್ತಿಗೆ ಪಟ್ಟಿಯ ಕೆಳಗೆ, ಬಾಲದ ಬುಡದಲ್ಲಿ ಹುಡುಕುತ್ತಾರೆ. ಆಮೇಲೆ ಗೇಟು ತೆಗೆದು ಕೆಂಚನನ್ನು ಕರೆಯುತ್ತಾರೆ. ಕೆಂಚ ನಮ್ಮ ಬೀದಿಯ ನಾಯಿ, ಬೆಲ್ಲ ದಿನಾ ಗೇಟಿನ ಸಂದಿಯಿಂದ ಮೂತಿ ತಾಗಿಸಿ ಮಾತಾಡುವುದು ಅವನ ಜೊತೆಯೇ. ಅವನಿಗೂ ಈಗ ತಿಂಗಳಿಗೊಂದು ಉಣ್ಣೆ ಮಾತ್ರೆ ಇದೆ, ಇಡ್ಲಿಯೊಳಗೆ ಇಟ್ಟು ಕೊಡುತ್ತೇವೆ.